ಕುಳ್ಳಗಿದ್ದು ಜೋರಾಗಿ ಓಡುವ ಹುಡುಗನಿಗೆ ಕಾಲೇಜು ಟೀಮಿನಲ್ಲಿ ಜಾಗ ಇದೆಯಾ?

2023ರ ಏಪ್ರಿಲ್ 29. ಅಮೆರಿಕದ ವೃತ್ತಿಪರ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್, ಅಂದರೆ ತಂಡಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಕಾರ್ಯಕ್ರಮ, ಕೊನೆಯ ದಿನಕ್ಕೆ ಬಂದಿತ್ತು. ಆರನೇ ಸುತ್ತಿನಲ್ಲಿ, ಒಟ್ಟು ಲೆಕ್ಕದಲ್ಲಿ 212ನೆಯವನಾಗಿ, ಡಲ್ಲಾಸ್ ಕೌಬಾಯ್ಸ್ ತಂಡ ಒಬ್ಬ ಹುಡುಗನನ್ನು ಆರಿಸಿತು. ಅವನಿಗೆ ಫೋನ್ ಮಾಡಿ ಸುದ್ದಿ ಹೇಳುವ ಕೆಲಸವನ್ನು ತಂಡಕ್ಕೆ ಹೊಸ ಆಟಗಾರರನ್ನು ಹುಡುಕುವ ಸ್ಕೌಟ್ ಕ್ರಿಸ್ ವಾನ್ ಅವರಿಗೆ ಬಿಟ್ಟರು. ಹುಡುಗ ಬೇರೆ ಯಾರೂ ಅಲ್ಲ, ಅವರ ಮಗ ಡ್ಯೂಸ್ ವಾನ್. ಇನ್ನು ಮೇಲೆ ನನ್ನ ಜೊತೆ ಕೆಲಸಕ್ಕೆ ಬರುತ್ತೀಯಾ ಎಂದು ಅಪ್ಪ ಮಗನನ್ನು ಕೇಳಿದರು. ಆ ವಿಡಿಯೊ ಊರೆಲ್ಲಾ ಓಡಾಡಿತು.

ನೋಡಿದವರಿಗೆಲ್ಲ ಕಣ್ಣು ತುಂಬಿ ಬಂತು, ನನಗೂ ಬಂತು. ಆಮೇಲೆ ತಲೆಯಲ್ಲಿ ಉಳಿದದ್ದು ಆ 212 ಎಂಬ ಸಂಖ್ಯೆ. ಡ್ಯೂಸ್ ವಾನ್ 2021 ಮತ್ತು 2022 ಎರಡೂ ವರ್ಷ ಕಾಲೇಜು ಫುಟ್‌ಬಾಲ್‌ನ ಆಲ್ ಅಮೆರಿಕನ್ ತಂಡದಲ್ಲಿದ್ದವರು. ಅಂದರೆ ಇಡೀ ದೇಶದಲ್ಲಿ ತಮ್ಮ ಜಾಗಕ್ಕೆ ಅವರೇ ಉತ್ತಮ ಎಂದು ಎಲ್ಲರೂ ಒಪ್ಪಿದ್ದರು. ಡ್ರಾಫ್ಟ್‌ಗೆ ನಾಲ್ಕು ತಿಂಗಳ ಮುಂಚೆ ಸೀಸನ್ ಕೊನೆಯ ಬೌಲ್ ಪಂದ್ಯಗಳಲ್ಲಿ ಒಂದಾದ ಶುಗರ್ ಬೌಲ್ ಪಂದ್ಯದಲ್ಲಿ ಆಲಬಾಮಾದಂಥ ತಂಡದ ಎದುರು ಒಂದೇ ಉಸಿರಿಗೆ 88 ಗಜ ಓಡಿ ಟಚ್‌ಡೌನ್ (ಎದುರಾಳಿಯ ಗೋಲ್ ಗೆರೆ ದಾಟಿ ಪಾಯಿಂಟ್ ಗಳಿಸುವುದು) ಹೊಡೆದಿದ್ದರು. ಆದರೂ ಅವರಿಗಿಂತ ಮುಂಚೆ 211 ಹೆಸರು ಕೂಗಿದರು. ಕಾರಣ ಎಲ್ಲರಿಗೂ ಗೊತ್ತಿತ್ತು. ಎತ್ತರ 5 ಅಡಿ 5 ಇಂಚು, ತೂಕ 81 ಕೆಜಿ.

ಅದಕ್ಕೂ ಮೂರು ವರ್ಷ ಮುಂಚೆ, ಟೆಕ್ಸಸ್‌ನ ರೌಂಡ್ ರಾಕ್ ಊರಿನ ಸೀಡರ್ ರಿಡ್ಜ್ ಹೈಸ್ಕೂಲಿನಲ್ಲಿ ಆಡುತ್ತಿದ್ದಾಗಲೂ ಇದೇ ಕಥೆ. ಕಾಲೇಜುಗಳಿಗಾಗಿ ಹೈಸ್ಕೂಲ್ ಆಟಗಾರರ ರಿಕ್ರೂಟಿಂಗ್ ಪಟ್ಟಿ ಮಾಡುವವರು ಅವರಿಗೆ ಕೊಟ್ಟದ್ದು ಮೂರು ಸ್ಟಾರ್. ಐದಕ್ಕೆ ಮೂರು. ಕೆಟ್ಟದ್ದೇನಲ್ಲ, ಆದರೆ ದೊಡ್ಡ ಕಾಲೇಜುಗಳ ಕೋಚ್‌ಗಳು ಮನೆ ಬಾಗಿಲಿಗೆ ಸಾಲುಗಟ್ಟಿ ಬರುವಂಥದ್ದೂ ಅಲ್ಲ. ಕೊನೆಗೆ ಹೋದದ್ದು ಕಾನ್ಸಾಸ್ ಸ್ಟೇಟ್ ಯೂನಿವರ್ಸಿಟಿಗೆ.

ಈ ಆಟ ನೋಡದವರಿಗೆ ಎರಡು ಮಾತು. ಒಂದೊಂದು ಕಡೆ ಹನ್ನೊಂದು ಜನ. ಕ್ವಾರ್ಟರ್‌ಬ್ಯಾಕ್ ಎಂಬಾತ ಚೆಂಡನ್ನು ಎಸೆಯುತ್ತಾನೆ, ಇಲ್ಲವೇ ಪಕ್ಕದಲ್ಲಿ ನಿಂತವನ ಕೈಗೆ ಕೊಡುತ್ತಾನೆ. ಹಾಗೆ ಚೆಂಡು ತಗೊಂಡು ಜನರ ನಡುವೆ ನುಗ್ಗುವವನೇ ರನ್ನಿಂಗ್ ಬ್ಯಾಕ್. ಕಬಡ್ಡಿಯ ರೇಡರ್ ನೆನಪಿಗೆ ಬರಬಹುದು. ಆದರೆ ರೇಡರ್‌ಗೆ ಹಿಂದಕ್ಕೆ ಓಡಿ ಗೆರೆ ಮುಟ್ಟಿದರೆ ಜೀವ ಉಳಿಯುತ್ತದೆ. ಇವನಿಗೆ ಮುಂದೆ ಮಾತ್ರ ದಾರಿ. ಎದುರಿಗೆ 130 ಕೆಜಿ ದಾಟಿದ ಆಳುಗಳು, ಅವರ ಬೆನ್ನಿಗೆ 105 ಕೆಜಿಯ ಲೈನ್‌ಬ್ಯಾಕರ್‌ಗಳು. ಒಂದೇ ಪಂದ್ಯದಲ್ಲಿ ಇಂಥವರ ಕೈಲಿ ಹದಿನೈದು ಇಪ್ಪತ್ತು ಸಲ ಡ್ಯಾಶ್ ತಿನ್ನಬೇಕು.

ಹಾಗಾಗಿ 16-17ರ ಒಬ್ಬ ಹುಡುಗ ಕುಳ್ಳಗಿದ್ದು ಗಾಳಿಯ ಹಾಗೆ ಓಡಿದರೆ ಕಾಲೇಜು ಕೋಚ್‌ಗೆ ಆಸೆಯೂ ಆಗುತ್ತದೆ, ಹೆದರಿಕೆಯೂ ಆಗುತ್ತದೆ. ಆಸ್ಟಿನ್, ಡಲ್ಲಾಸ್, ಹ್ಯೂಸ್ಟನ್ ಕಡೆ ಇರುವ ನಮ್ಮವರಿಗೆ ಈ ಸೀನ್ ಗೊತ್ತಿರುತ್ತದೆ. ಶುಕ್ರವಾರ ರಾತ್ರಿ, ಹೈಸ್ಕೂಲ್ ಸ್ಟೇಡಿಯಂ, ದೊಡ್ಡ ದೀಪ. ಟೀಮಿನ ಪುಟ್ಟ ಹುಡುಗ ಚೆಂಡು ಹಿಡಿದು ಸೈಡ್‌ಲೈನ್ ಪಕ್ಕ ಹಾರಿದಾಗ ಜನ ಎದ್ದು ನಿಲ್ಲುತ್ತಾರೆ. ಪಕ್ಕದಲ್ಲಿ ಕೂತವರು, ಇವನು ಖಂಡಿತ ದೊಡ್ಡ ಕಾಲೇಜಿಗೆ ಹೋಗುತ್ತಾನೆ ಅನ್ನುತ್ತಾರೆ. ಅವರ ಪಕ್ಕದವರು, ಅಯ್ಯೋ ಇಷ್ಟು ಸಣ್ಣ ಮೈಗೆ ಅಲ್ಲಿ ಏಟು ತಡೆಯಕ್ಕಾಗಲ್ಲ ಅನ್ನುತ್ತಾರೆ.

ನನ್ನ ಲೆಕ್ಕದಲ್ಲಿ ಇಬ್ಬರೂ ಪ್ರಶ್ನೆಯನ್ನು ಸರಿಯಾಗಿ ಕೇಳಿಕೊಂಡಿಲ್ಲ. "ಸಣ್ಣ" ಅನ್ನುವ ಮಾತಿನಲ್ಲಿ ಎರಡು ಬೇರೆ ಸಂಗತಿ ಸೇರಿಕೊಂಡಿವೆ. "ವೇಗ" ಅನ್ನುವುದರಲ್ಲೂ ಎರಡಿವೆ. ಅವನ್ನು ಬಿಡಿಸದೆ ಮಾತಾಡಿದರೆ ವಾದ ಮುಗಿಯುವುದೇ ಇಲ್ಲ.

ಮೊದಲು ಸಣ್ಣ ಅನ್ನುವುದನ್ನು ತೆಗೆದುಕೊಳ್ಳೋಣ. ಕುಳ್ಳಗಿರುವುದು ಬೇರೆ, ಹಗುರವಾಗಿರುವುದು ಬೇರೆ. ರನ್ನಿಂಗ್ ಬ್ಯಾಕ್ ಮಾರಿಸ್ ಜೋನ್ಸ್-ಡ್ರೂ 5 ಅಡಿ 7 ಇಂಚು. ಕ್ಯಾಲಿಫೋರ್ನಿಯಾದ ಡಿ ಲಾ ಸಾಲ್ ಹೈಸ್ಕೂಲಿನಿಂದ ಯುಸಿಎಲ್‌ಎಗೆ ಹೋಗಿ, ಆಮೇಲೆ 2011ರಲ್ಲಿ 1,606 ಗಜ ಓಡಿ ಇಡೀ ಎನ್‌ಎಫ್‌ಎಲ್‌ಗೇ ಮೊದಲಿಗರಾದವರು. ಆದರೆ ತೂಕ ಸುಮಾರು 94 ಕೆಜಿ. ಅವರನ್ನು ಸಣ್ಣ ಆಟಗಾರ ಅನ್ನುವುದು ಒರಳುಕಲ್ಲನ್ನು ಸಣ್ಣದು ಅಂದ ಹಾಗೆ. ಇನ್ನೊಬ್ಬ ಹೆಸರಾಂತ ರನ್ನಿಂಗ್ ಬ್ಯಾಕ್ ಬ್ಯಾರಿ ಸ್ಯಾಂಡರ್ಸ್ 5 ಅಡಿ 8 ಇಂಚು, 92 ಕೆಜಿ. ಡ್ಯಾರೆನ್ ಸ್ಪ್ರೋಲ್ಸ್ 5 ಅಡಿ 6 ಇಂಚು, 86 ಕೆಜಿ. ಎತ್ತರಕ್ಕೆ ತಕ್ಕ ತೂಕ ಎಷ್ಟು ಅಂತ ಡಾಕ್ಟರ್‌ಗಳು ಹಾಕುವ ಬಿಎಂಐ ಲೆಕ್ಕ ಹಿಡಿದರೆ ಸ್ಪ್ರೋಲ್ಸ್ 30 ದಾಟುತ್ತಾರೆ. ನಮ್ಮ ನಿಮ್ಮಂಥವರಿಗೆ ಆ ಸಂಖ್ಯೆ ಬಂದರೆ ಡಾಕ್ಟರ್ ಅನ್ನ ಕಮ್ಮಿ ಮಾಡಿ ಅಂತಾರೆ. ಇವರದು ತೊಡೆಯಲ್ಲಿ, ಸೊಂಟದಲ್ಲಿ ಕೂತ ಮಾಂಸಖಂಡ.

ಎತ್ತರ ಕಮ್ಮಿ ಇದ್ದರೆ ಲಾಭವೂ ಇದೆ. 2008ರ ಸೆಪ್ಟೆಂಬರ್ 25ರಂದು ಒರೆಗಾನ್ ಸ್ಟೇಟ್ ತಂಡ, ಆಗ ದೇಶದಲ್ಲೇ ನಂಬರ್ 1 ಆಗಿದ್ದ ಯುಎಸ್‌ಸಿಯನ್ನು 27-21ರಿಂದ ಸೋಲಿಸಿತು. ಅವತ್ತು 186 ಗಜ ಓಡಿದವರು ಜಾಕ್ವಿಜ್ ರಾಡ್ಜರ್ಸ್. ಕಾಲೇಜಿಗೆ ಬಂದ ಮೊದಲ ವರ್ಷ, ಎತ್ತರ ಐದೂವರೆ ಅಡಿಯ ಆಸುಪಾಸು. ಮುಂದೆ ನಿಂತು ದಾರಿ ಮಾಡಿಕೊಡುವ ಆರೂವರೆ ಅಡಿಯ ಲೈನ್‌ಮನ್‌ಗಳ ಹಿಂದೆ ಅವರು ನಿಂತರೆ ಆಚೆ ಕಡೆಯವರಿಗೆ ಕಾಣುತ್ತಲೇ ಇರಲಿಲ್ಲ. ಕಂಡಾಗ ಪಕ್ಕದಲ್ಲೇ ದಾಟಿ ಹೋಗಿರುತ್ತಿದ್ದರು. ಕೆಳಗಿರುವವನನ್ನು ಟ್ಯಾಕಲ್ ಮಾಡಿ ಕೆಡವಲು ಎದುರಾಳಿ ಇನ್ನೂ ಕೆಳಗೆ ಬಗ್ಗಬೇಕು. ಎತ್ತರದ ಆಳಿಗೆ ಅದು ಸುಲಭ ಅಲ್ಲ.

ಅಂದರೆ ಎತ್ತರದ ಬಗ್ಗೆ ಇರುವ ಭಯ ಅತಿಯಾಯಿತು ಅಂತ ನನಗನ್ನಿಸುತ್ತದೆ. ತೂಕದ ಬಗ್ಗೆ ಇರುವ ಭಯಕ್ಕೆ ಮಾತ್ರ ಅರ್ಥ ಇದೆ. ಅದಕ್ಕೂ ಅಪವಾದ ಇಲ್ಲ ಅಂತಲ್ಲ. ಬ್ಯಾಟನ್ ರೂಜ್‌ನಿಂದ ಬಂದ ವಾರಿಕ್ ಡನ್ 5 ಅಡಿ 9 ಇಂಚಿಗೆ ಬರೀ 82 ಕೆಜಿ ಇದ್ದರು. ಇವನು ಡಿಫೆನ್ಸ್‌ನಲ್ಲಿ ಆಡಲಿ ಅಂತ ಕೆಲವು ಕಾಲೇಜುಗಳು ಹಟ ಹಿಡಿದಿದ್ದವು. ರನ್ನಿಂಗ್ ಬ್ಯಾಕ್ ಆಗಿ ಅವಕಾಶ ಕೊಡುತ್ತೇನೆ ಅಂತ ಮಾತು ಕೊಟ್ಟದ್ದು ಫ್ಲಾರಿಡಾ ಸ್ಟೇಟ್‌ನ ಕೋಚ್ ಬಾಬಿ ಬೌಡನ್. ಡನ್ 1997ರ ಡ್ರಾಫ್ಟ್‌ನಲ್ಲಿ 12ನೆಯವರಾಗಿ ಹೋದರು, ಎನ್‌ಎಫ್‌ಎಲ್‌ನಲ್ಲಿ ಒಟ್ಟು 10,967 ಗಜ ಓಡಿದರು. ಆದರೆ ಎಂಥ ಹಗುರ ಹುಡುಗನ ಬಗ್ಗೆ ಮಾತು ಬಂದರೂ ಎಲ್ಲರೂ ಡನ್ ಹೆಸರನ್ನೇ ತೆಗೆಯುತ್ತಾರೆ. ಬೇರೆ ಹೆಸರು ಬೇಗ ನೆನಪಾಗುವುದಿಲ್ಲ ಅನ್ನುವುದರಲ್ಲೇ ವಿಷಯ ಇದೆ ಅಲ್ವಾ?

ಹೈಸ್ಕೂಲ್ ಹುಡುಗನ ವಿಷಯದಲ್ಲಿ ಇನ್ನೊಂದು ಕಷ್ಟ. ಇವತ್ತಿನ ತೂಕ ನಾಳಿನ ತೂಕ ಅಲ್ಲ. 70 ಕೆಜಿಯ ಹುಡುಗ ಕಾಲೇಜಿನ ಜಿಮ್ಮಿನಲ್ಲಿ ಎರಡು ವರ್ಷ ಕಳೆದು, ಹೊತ್ತುಹೊತ್ತಿಗೆ ಊಟ ಮಾಡಿದರೆ 80 ದಾಟಬಹುದು. ದಾಟದೆಯೂ ಇರಬಹುದು. ಅದಕ್ಕೇ ಅನುಭವಿ ಸ್ಕೌಟ್‌ಗಳು ಹುಡುಗನಿಗಿಂತ ಮೊದಲು ಅವನ ಅಪ್ಪ ಅಮ್ಮನನ್ನು ನೋಡುತ್ತಾರೆ. ಅಣ್ಣಂದಿರನ್ನು ನೋಡುತ್ತಾರೆ. ಮಣಿಕಟ್ಟು, ಭುಜದ ಅಗಲ, ಪಾದ ನೋಡುತ್ತಾರೆ. ನಮ್ಮೂರಿನಲ್ಲಿ ಹೋರಿಕರು ಕೊಳ್ಳಲು ಬಂದವರು ಕಾಲು, ಗೊರಸು, ಬೆನ್ನು ತಡವಿ ನೋಡುವುದಿಲ್ಲವೇ, ಹೆಚ್ಚುಕಮ್ಮಿ ಹಾಗೆ. ವಯಸ್ಸೂ ಮುಖ್ಯ. ಹದಿಮೂರಕ್ಕೇ ಮೀಸೆ ಬಂದ ಹುಡುಗ ಹೈಸ್ಕೂಲ್ ಮೊದಲ ವರ್ಷ ಎಲ್ಲರನ್ನೂ ಹಿಂದೆ ಹಾಕುತ್ತಾನೆ. ಅವನ ಬೆಳವಣಿಗೆ ಅಲ್ಲಿಗೇ ನಿಂತಿರಬಹುದು. ಕೊನೆಯ ವರ್ಷದ ಹೊತ್ತಿಗೆ ಉಳಿದವರು ಅವನನ್ನು ಹಿಡಿದಿರುತ್ತಾರೆ. ಅದೇ ತೂಕದ ಇನ್ನೊಬ್ಬ ಇನ್ನೂ ಬೆಳೆಯುತ್ತಿರಬಹುದು. ಪಟ್ಟಿಯಲ್ಲಿ ಇಬ್ಬರ ಮುಂದೆಯೂ ಒಂದೇ ಸಂಖ್ಯೆ ಇರುತ್ತದೆ. ಅದೂ ಶಾಲೆಯವರು ಬರೆದ ಸಂಖ್ಯೆಯಾದರೆ ಒಂದಿಷ್ಟು ಸೇರಿಸಿಯೇ ಬರೆದಿರುತ್ತಾರೆ.

ಇನ್ನು ವೇಗ. ಅಮೆರಿಕದಲ್ಲಿ ಇದನ್ನು ಅಳೆಯುವುದು 40 ಗಜದ ಓಟದಲ್ಲಿ, ಅಂದರೆ ಸುಮಾರು 36.6 ಮೀಟರ್. ಹೈಸ್ಕೂಲ್ ಹುಡುಗರು 4.4 ಓಡಿದೆ, 4.3 ಓಡಿದೆ ಅಂತ ಹೇಳಿಕೊಳ್ಳುತ್ತಾರೆ. ಆ ಮಾತನ್ನು ಅರ್ಧ ಕಿವಿಯಲ್ಲಿ ಕೇಳಬೇಕು. ಕೋಚ್ ಕೈಯಲ್ಲಿ ಸ್ಟಾಪ್‌ವಾಚ್ ಹಿಡಿದಾಗ, ಹುಡುಗ ಕದಲಿದ್ದನ್ನು ಕಣ್ಣು ಕಂಡ ಮೇಲೆ ಬೆರಳು ಒತ್ತುತ್ತದೆ. ಕೊನೆಯಲ್ಲಿ ಗೆರೆ ಮುಂಚೆಯೇ ಕಾಣುತ್ತಿರುವುದರಿಂದ ಬೆರಳು ತಡ ಮಾಡುವುದಿಲ್ಲ. ಹಾಗಾಗಿ ಶುರುವಿನಲ್ಲಿ ಒಂದಿಷ್ಟು ಸಮಯ ಸುಮ್ನೆ ಕಳೆದುಹೋಗುತ್ತದೆ. ಯಂತ್ರದಲ್ಲಿ ಅಳೆದರೆ ಅದೇ ಓಟ 4.6 ಬರಬಹುದು. ಇದಕ್ಕಿಂತ ನಂಬಬಹುದಾದದ್ದು ಟ್ರ್ಯಾಕ್ ಮೀಟ್‌ನ 100 ಮೀಟರ್ ಓಟ. ಅಲ್ಲಿ ಯಂತ್ರದ ಗಡಿಯಾರ ಇರುತ್ತದೆ, ಬೆನ್ನಿಗೆ ಬೀಸುವ ಗಾಳಿಯನ್ನೂ ಅಳೆಯುತ್ತಾರೆ. ಗಾಳಿ ಸೆಕೆಂಡಿಗೆ 2 ಮೀಟರ್ ದಾಟಿದರೆ ದಾಖಲೆಗೆ ಲೆಕ್ಕವಿಲ್ಲ. ಹುಡುಗನ ವೇಗದ ಬಗ್ಗೆ ಯಾರಾದರೂ ಬಾಯಿ ಚಪ್ಪರಿಸಿದರೆ ನಾನು ಕೇಳುವುದು ಒಂದೇ ಮಾತು: ಟ್ರ್ಯಾಕ್‌ನಲ್ಲಿ ಎಷ್ಟು?

ಆದರೆ ನೇರ ಓಟದ ವೇಗ ಒಂದು ಬಗೆ. ಮೊದಲ ಐದು ಗಜದಲ್ಲಿ ಎಗರುವುದು, ಫಕ್ಕನೆ ನಿಲ್ಲುವುದು, ಪಕ್ಕಕ್ಕೆ ಹೊರಳಿ ಮತ್ತೆ ಹಾರುವುದು ಇನ್ನೊಂದು ಬಗೆ. ಜಾಕ್ವಿಜ್ ರಾಡ್ಜರ್ಸ್ ಹೆಸರು ಆಗಲೇ ಹೇಳಿದೆ. 2011ರಲ್ಲಿ ಡ್ರಾಫ್ಟ್‌ಗೆ ಮುಂಚೆ ಅವರನ್ನು 40 ಗಜ ಓಡಿಸಿದಾಗ 4.6ರ ಹತ್ತಿರ ಬಂತು. ಕುಳ್ಳಗಿದ್ದಾನೆ ಅಂದ ಮೇಲೆ ಮಿಂಚಿನ ಹಾಗೆ ಓಡುತ್ತಾನೆ ಅಂದುಕೊಂಡವರಿಗೆ ನಿರಾಸೆ. ಆದರೆ ಯುಎಸ್‌ಸಿ ಎದುರು ಅವರು ಗೆದ್ದದ್ದು ನೇರ ಓಟದಿಂದ ಅಲ್ಲವಲ್ಲ. ಕೈಯಗಲದ ಜಾಗದಲ್ಲಿ ಮೈ ತಿರುಗಿಸಿ ಗೆದ್ದದ್ದು. ಬ್ಯಾರಿ ಸ್ಯಾಂಡರ್ಸ್ ಅವರ ಹಳೇ ವಿಡಿಯೊ ನೋಡಿ. ಎಷ್ಟೋ ಸಲ ಅವರ ಅತ್ಯುತ್ತಮ ಕ್ಷಣದಲ್ಲಿ ಅವರು ನಿಂತಿರುತ್ತಾರೆ. ಪೂರ್ತಿ ನಿಂತಿರುತ್ತಾರೆ. ಎದುರಾಳಿ ಮಾತ್ರ ಓಡುತ್ತಾ ಪಕ್ಕದಿಂದ ಹೋಗಿಬಿಡುತ್ತಾನೆ.

ತೂಕ, ವೇಗ ಎರಡನ್ನೂ ಒಂದೇ ಸಂಖ್ಯೆಗೆ ಇಳಿಸುವ ಪ್ರಯತ್ನವೂ ಆಗಿದೆ. 2008ರಲ್ಲಿ ಬಿಲ್ ಬಾರ್ನ್‌ವೆಲ್ ಎಂಬ ಬರಹಗಾರ ಸ್ಪೀಡ್ ಸ್ಕೋರ್ ಎಂಬ ಲೆಕ್ಕ ತಂದರು. ತೂಕವನ್ನು ಪೌಂಡ್‌ನಲ್ಲಿ ತೆಗೆದುಕೊಂಡು 200ರಿಂದ ಗುಣಿಸಿ, 40 ಗಜದ ಸಮಯದ ನಾಲ್ಕನೇ ಘಾತದಿಂದ ಭಾಗಿಸಬೇಕು. ನೂರರ ಸುತ್ತ ಬಂದರೆ ಸಾಧಾರಣ. ರನ್ನಿಂಗ್ ಬ್ಯಾಕ್ ಡೆವಾನ್ ಅಕೇನ್ 2023ರಲ್ಲಿ 188 ಪೌಂಡ್ ತೂಕಕ್ಕೆ 4.32 ಓಡಿದರು. ಲೆಕ್ಕ ಹಾಕಿದರೆ ಸುಮಾರು 108. 220 ಪೌಂಡ್‌ನ ದಪ್ಪ ಆಳು 4.50 ಓಡಿದರೂ ಹೆಚ್ಚುಕಮ್ಮಿ ಅಷ್ಟೇ, 107. ಹಗುರ ಇರುವವನು ಸಮಕ್ಕೆ ಬರಬೇಕಾದರೆ ಎಷ್ಟು ಜೋರಾಗಿ ಓಡಬೇಕು ಅನ್ನುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ. ಆದರೆ ಕೆಂಟ್ ಸ್ಟೇಟ್‌ನ ಡ್ರೈ ಆರ್ಚರ್ 2014ರಲ್ಲಿ 173 ಪೌಂಡ್‌ಗೆ 4.26 ಓಡಿದ್ದರು. ಅವರದು 105. ಕಾಗದದ ಮೇಲೆ ಇಬ್ಬರೂ ಅಕ್ಕಪಕ್ಕ. ಆರ್ಚರ್ ಅವರನ್ನು ಮೂರನೇ ಸುತ್ತಿನಲ್ಲಿ ತಗೊಂಡ ಪಿಟ್ಸ್‌ಬರ್ಗ್ ಎರಡು ಸೀಸನ್ ಮುಗಿಯುವ ಮುಂಚೆ ಬಿಟ್ಟುಬಿಟ್ಟಿತು. ಅದೇ ಮೂರನೇ ಸುತ್ತಿನಲ್ಲಿ ಮಯಾಮಿಗೆ ಹೋದ ಅಕೇನ್ ಮೊದಲ ವರ್ಷವೇ 103 ಸಲ ಚೆಂಡು ಹಿಡಿದು 800 ಗಜ ಓಡಿದರು. ಏಳು ಕೆಜಿಯ ವ್ಯತ್ಯಾಸ ಸೂತ್ರದಲ್ಲಿ ಸಣ್ಣದು, ಮೈದಾನದಲ್ಲಿ ಸಣ್ಣದಾಗಿರಲಿಲ್ಲ. ಮಯಾಮಿಯ ಆಟದ ಯೋಜನೆಯೇ ವೇಗದ ಮೇಲೆ ನಿಂತಿತ್ತು ಅನ್ನುವುದೂ ಸೇರಿಸಿ ನೋಡಬೇಕು. ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಹೈಸ್ಕೂಲ್ ಆಟ ನೋಡುವವರು ಮರೆಯುವ ಒಂದು ಸಂಗತಿ ಮೈದಾನದ ಅಳತೆ. ಅಗಲ ಎಲ್ಲ ಕಡೆ ಒಂದೇ, 160 ಅಡಿ. ಆದರೆ ಪ್ರತಿ ಸಲ ಆಟ ಶುರುವಾಗುವ ಜಾಗಕ್ಕೆ ಹ್ಯಾಷ್ ಮಾರ್ಕ್ ಅಂತ ಗೆರೆಗಳಿರುತ್ತವೆ. ಚೆಂಡು ಅಂಚಿಗೆ ಹೋದರೂ ಮುಂದಿನ ಆಟ ಹತ್ತಿರದ ಆ ಗೆರೆಯಿಂದಲೇ ಶುರು. ದೇಶದ ಹೆಚ್ಚಿನ ಹೈಸ್ಕೂಲ್‌ಗಳು ಪಾಲಿಸುವ ನಿಯಮದಂತೆ ಆ ಗೆರೆ ಸೈಡ್‌ಲೈನಿನಿಂದ 53 ಅಡಿ 4 ಇಂಚು ದೂರ. ಅಂದರೆ ಇನ್ನೊಂದು ಕಡೆ ಸುಮಾರು 107 ಅಡಿ ಬಯಲು. ಕಾಲೇಜಿನಲ್ಲಿ ಗೆರೆ 60 ಅಡಿಗೆ ಬರುತ್ತದೆ, ಬಯಲು 100 ಅಡಿ. ಎನ್‌ಎಫ್‌ಎಲ್‌ನಲ್ಲಿ ಸುಮಾರು 89 ಅಡಿ. ಮೇಲೆ ಹೋದಷ್ಟೂ ಓಡುವ ಜಾಗ ಕಿರಿದಾಗುತ್ತದೆ, ಬೆನ್ನಟ್ಟುವವರ ಕಾಲು ಚುರುಕಾಗುತ್ತದೆ. ಹೈಸ್ಕೂಲಿನಲ್ಲಿ ಸುತ್ತು ಹಾಕಿ ಅಂಚಿಗೆ ಹೋಗಿ 60 ಗಜ ಹೊಡೆದ ಹುಡುಗ ಕಾಲೇಜಿನಲ್ಲಿ ಅದೇ ದಾರಿ ಹಿಡಿದರೆ, ಅಂಚಿಗೆ ಹೋಗುವಷ್ಟರಲ್ಲಿ ಮೂರು ಜನ ಅಲ್ಲಿ ಕಾಯುತ್ತಿರುತ್ತಾರೆ.

ಅದಕ್ಕೇ ಹೈಲೈಟ್ ವಿಡಿಯೊಗಳ ಬಗ್ಗೆ ನನಗೆ ಅನುಮಾನ. ನೆಬ್ರಾಸ್ಕಾದ ಲಿಂಕನ್‌ನಲ್ಲಿ 2006ರಲ್ಲಿ ಶುರುವಾದ, ಆಟದ ವಿಡಿಯೊ ಸೇವೆ ಕೊಡುವ ಹಡಲ್ ಕಂಪನಿಯ ಕೃಪೆಯಿಂದ ಈಗ ಹೆಚ್ಚುಕಮ್ಮಿ ಪ್ರತಿ ಹೈಸ್ಕೂಲ್ ಹುಡುಗನ ಹತ್ತಿರವೂ ಒಂದು ವಿಡಿಯೊ ಇದೆ. ಕೆಳಗೆ ಹಾಡು, ಹುಡುಗನ ಸುತ್ತ ಬಾಣದ ಗುರುತು. ಇದಕ್ಕೂ ಮುಂಚೆ ಇಂಟರ್‌ನೆಟ್‌ನಲ್ಲಿ ಮೊದಮೊದಲು ಹುಚ್ಚು ಹಿಡಿಸಿದ ಹೈಸ್ಕೂಲ್ ವಿಡಿಯೊಗಳಲ್ಲಿ ಫ್ಲಾರಿಡಾದ ನಾರ್ತ್ ಫೋರ್ಟ್ ಮಯರ್ಸ್ ಹೈಸ್ಕೂಲಿನ ನೋಯೆಲ್ ಡಿವೈನ್ ಅವರದೂ ಒಂದು. ನೀರಿನಲ್ಲಿ ಮೀನು ಜಾರಿದ ಹಾಗೆ ಓಡುತ್ತಿದ್ದರು. ಅವರು ವೆಸ್ಟ್ ವರ್ಜೀನಿಯಾಗೆ ಹೋಗಿ ನಾಲ್ಕು ವರ್ಷದಲ್ಲಿ 4,315 ಗಜ ಓಡಿದರು. 2011ರ ಡ್ರಾಫ್ಟ್‌ನಲ್ಲಿ ಮಾತ್ರ ಯಾರೂ ಆರಿಸಲಿಲ್ಲ.

ವಿಡಿಯೊದಲ್ಲಿ ಯಾರೂ ಮುಟ್ಟದೆ 70 ಗಜ ಓಡಿದ್ದು ಕಣ್ಣಿಗೆ ಹಬ್ಬ. ಆದರೆ ಅದರಿಂದ ಎದುರಾಳಿ ಎಷ್ಟು ದುರ್ಬಲ ಅನ್ನುವುದು ತಿಳಿಯುತ್ತದೆಯೇ ಹೊರತು ಹುಡುಗನ ಬಗ್ಗೆ ಹೆಚ್ಚೇನೂ ಅಲ್ಲ. ನಾನಾದರೆ ನಾಲ್ಕು ಗಜದ ಓಟಗಳನ್ನು ನೋಡುತ್ತೇನೆ. ದಾರಿ ಮುಚ್ಚಿದೆ, ಒಬ್ಬ ಕಾಲಿಗೆ ಬಿದ್ದಿದ್ದಾನೆ, ಆಗ ಹುಡುಗ ಏನು ಮಾಡುತ್ತಾನೆ? ಬೆನ್ನು ತಿರುಗಿಸಿ ಹಿಂದಕ್ಕೆ ಓಡಿ ಆರು ಗಜ ಕಳೆಯುತ್ತಾನಾ, ಅಥವಾ ತಲೆ ತಗ್ಗಿಸಿ ಸಂದಿಯಲ್ಲಿ ಮೂರು ಗಜ ಕಿತ್ತುಕೊಳ್ಳುತ್ತಾನಾ? ಮೊದಲ ಏಟು ಬಿದ್ದ ಮೇಲೂ ಕಾಲು ಆಡುತ್ತಿರುತ್ತದಾ? ಕೊನೆಯ ಕ್ವಾರ್ಟರ್‌ನಲ್ಲಿ, ಅದೂ ಹದಿನೆಂಟನೇ ಸಲ ಚೆಂಡು ಹಿಡಿದಾಗ, ಮೊದಲನೇ ಸಲದ ಹಾಗೇ ಎಗರುತ್ತಾನಾ? ಇದೆಲ್ಲ ನೋಡಬೇಕಾದರೆ ಪೂರ್ತಿ ಪಂದ್ಯ ನೋಡಬೇಕು. ಬೋರ್ ಹೊಡೆಯುವ ಕೆಲಸ. ಆದರೆ ಬ್ಯಾರಿ ಸ್ಯಾಂಡರ್ಸ್ ಕಥೆ ನೆನಪಿಸಿಕೊಳ್ಳಿ. ಕಾನ್ಸಾಸ್‌ನ ವಿಚಿಟಾ ನಾರ್ತ್ ಹೈಸ್ಕೂಲಿನಲ್ಲಿ ಅವರನ್ನು ರನ್ನಿಂಗ್ ಬ್ಯಾಕ್ ಆಗಿ ಸರಿಯಾಗಿ ಆಡಿಸಿದ್ದೇ ಕೊನೆಯ ವರ್ಷದ ಕೆಲವು ಪಂದ್ಯಗಳಲ್ಲಿ. ಸ್ಕಾಲರ್‌ಶಿಪ್ ಕೊಡಲು ಬಂದ ಕಾಲೇಜುಗಳು ಬೆರಳೆಣಿಕೆ. ಒಕ್ಲಹೋಮ ಸ್ಟೇಟ್‌ಗೆ ಹೋಗಿ ಎರಡು ವರ್ಷ ಥರ್ಮನ್ ಥಾಮಸ್ ಹಿಂದೆ ಕಾದರು. 1988ರಲ್ಲಿ ಜಾಗ ಸಿಕ್ಕಿತು. 11 ಪಂದ್ಯದಲ್ಲಿ 2,628 ಗಜ, ಜೊತೆಗೆ ವರ್ಷದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿ.

ಕೋಚ್‌ಗಳು ಹೊರಗೆ ಜಾಸ್ತಿ ಹೇಳದ, ಆದರೆ ಒಳಗೊಳಗೆ ತೂಗುವ ಇನ್ನೊಂದು ವಿಷಯ ಬ್ಲಾಕಿಂಗ್. ಕ್ವಾರ್ಟರ್‌ಬ್ಯಾಕ್ ಚೆಂಡು ಎಸೆಯುವಾಗ ಅವನನ್ನು ಕೆಡವಲು ಲೈನ್‌ಬ್ಯಾಕರ್ ನುಗ್ಗಿ ಬರುತ್ತಾನೆ. ಅಡ್ಡ ನಿಲ್ಲಬೇಕಾದವನು ರನ್ನಿಂಗ್ ಬ್ಯಾಕ್. 75 ಕೆಜಿಯ ಹುಡುಗ, ಓಡಿ ಬರುವ 105 ಕೆಜಿಯ ಆಳು. ಕ್ವಾರ್ಟರ್‌ಬ್ಯಾಕ್ ಪೆಟ್ಟು ತಿಂದು ಮಲಗಿದರೆ ಇಡೀ ಸೀಸನ್ನೇ ಮಲಗುತ್ತದೆ. ಇಲ್ಲಿ ತೂಕದಷ್ಟೇ ಬುದ್ಧಿಯೂ ಬೇಕು. ಯಾರು ಬರುತ್ತಾನೆ ಅಂತ ಮುಂಚೆಯೇ ಗುರುತು ಹಿಡಿದು, ಕೆಳಗಿನಿಂದ ಎದೆಗೆ ಕೊಟ್ಟರೆ ಕುಳ್ಳನೂ ತಡೆಯಬಲ್ಲ. ಹೈಸ್ಕೂಲ್ ವಿಡಿಯೊದಲ್ಲಿ ಇದು ಇರುವುದೇ ಇಲ್ಲ. ಟೀಮಿನ ಸ್ಟಾರ್ ಹುಡುಗನನ್ನು ಬ್ಲಾಕ್ ಮಾಡಲು ಯಾರು ನಿಲ್ಲಿಸುತ್ತಾರೆ? ಚೆಂಡು ಕ್ಯಾಚ್ ಹಿಡಿಯುವುದೂ ಅಷ್ಟೆ. ಎಷ್ಟೋ ಹೈಸ್ಕೂಲ್‌ಗಳು ರನ್ನಿಂಗ್ ಬ್ಯಾಕ್‌ಗೆ ಪಾಸ್ ಎಸೆಯುವುದೇ ಇಲ್ಲ. ಆದರೆ ಕಾಲೇಜಿನಲ್ಲಿ ಹಗುರ ಹುಡುಗನಿಗೆ ಅನ್ನ ಹಾಕುವುದು ಬಹಳ ಸಲ ಅದೇ ಕೈ. ಡ್ಯೂಸ್ ವಾನ್ ಮೂರು ವರ್ಷದಲ್ಲಿ ನೂರಕ್ಕೂ ಹೆಚ್ಚು ಕ್ಯಾಚ್ ಹಿಡಿದರು.

ಇಲ್ಲಿಗೆ ಬಂದ ಮೇಲೆ ಹುಡುಗನನ್ನು ಬಿಟ್ಟು ಕಾಲೇಜನ್ನು ನೋಡಬೇಕು. ನನ್ನ ಪ್ರಕಾರ ಈ ಲೆಕ್ಕದಲ್ಲಿ ಜನ ತಪ್ಪುವುದೇ ಇಲ್ಲಿ. ಹುಡುಗ ಒಳ್ಳೆಯವನೋ ಕೆಟ್ಟವನೋ ಅಂತ ಕೇಳುತ್ತಾರೆ. ಯಾರ ಕೈಯಲ್ಲಿ ಆಡುತ್ತಾನೆ ಅಂತ ಕೇಳುವುದಿಲ್ಲ. ಚಿಪ್ ಕೆಲ್ಲಿ ಕೋಚ್ ಆಗಿದ್ದಾಗ ಒರೆಗಾನ್ ತಂಡ ಮೈದಾನವನ್ನು ಎಷ್ಟು ಅಗಲಕ್ಕೆ ಹರಡುತ್ತಿತ್ತೆಂದರೆ ಹಗುರ ಹುಡುಗರಿಗೆ ಅದು ಸ್ವರ್ಗ. 5 ಅಡಿ 9 ಇಂಚಿನ ಲಾಮೈಕಲ್ ಜೇಮ್ಸ್ 2010ರಲ್ಲಿ 1,731 ಗಜ ಓಡಿ ದೇಶಕ್ಕೇ ಮೊದಲಿಗರಾದರು. 2012ರ ಜನವರಿಯಲ್ಲಿ ನಡೆದ ರೋಸ್ ಬೌಲ್‌ನಲ್ಲಿ ಡಿಆಂಥನಿ ಥಾಮಸ್ ಕೈಗೆ ಓಡಲು ಚೆಂಡು ಕೊಟ್ಟದ್ದು ಎರಡೇ ಸಲ. 91 ಗಜ, 64 ಗಜ. ಎರಡೂ ಟಚ್‌ಡೌನ್. ಅದೇ ಥಾಮಸ್ ಅವರಿಗೆ ದಿನಕ್ಕೆ 25 ಸಲ ಚೆಂಡು ಕೊಟ್ಟು ಗುಂಪಿನ ಮಧ್ಯೆ ನುಗ್ಗು ಅಂದಿದ್ದರೆ ಏನಾಗುತ್ತಿತ್ತು ಅಂತ ಊಹಿಸುವುದು ಕಷ್ಟವಲ್ಲ. ಒಂದು ಹುಡುಗನಿಗೆ ಪಂದ್ಯಕ್ಕೆ ಎಂಟು ಸಲ ಚೆಂಡು ಕೊಡುವ ಯೋಜನೆ ಇದ್ದರೆ 75 ಕೆಜಿ ಸಾಕಾಗಬಹುದು. ಇಪ್ಪತ್ತು ಸಲದ ಯೋಜನೆಯಾದರೆ ಸಾಲದು. ಹುಡುಗ ಅವನೇ. ಬದಲಾಗುವುದು ಉದ್ಯೋಗ.

ಈ ಉದ್ಯೋಗಗಳಲ್ಲಿ ಒಂದಕ್ಕೆ ಕಾಲೇಜಿನಲ್ಲಿ ಬೆಲೆ ಇಳಿದಿದೆ. ಮೊದಲು ಪುಟ್ಟ ಓಟಗಾರನಿಗೆ ಏನಿಲ್ಲ ಅಂದರೂ ಕಿಕ್‌ಆಫ್ ರಿಟರ್ನ್ ಕೆಲಸ, ಅಂದರೆ ಎದುರಾಳಿ ಒದ್ದು ಕಳಿಸಿದ ಚೆಂಡನ್ನು ಹಿಡಿದು ವಾಪಸ್ ಓಡುವ ಕೆಲಸ ಇರುತ್ತಿತ್ತು. 2018ರಲ್ಲಿ ನಿಯಮ ಬದಲಾಯಿತು. 25 ಗಜದ ಗೆರೆಯೊಳಗೆ ಕೈ ಎತ್ತಿ ಸುಮ್ಮನೆ ಕ್ಯಾಚ್ ಹಿಡಿದರೂ ಚೆಂಡನ್ನು 25ಕ್ಕೆ ತಂದು ಇಡುತ್ತಾರೆ. ಮತ್ತೆ ಯಾಕೆ ಓಡಬೇಕು?

ಹಾಗಾದರೆ ಡ್ಯೂಸ್ ವಾನ್ ವಿಷಯದಲ್ಲಿ ಯಾರು ಸರಿ? ಕಾನ್ಸಾಸ್ ಸ್ಟೇಟ್‌ಗೆ ಅವರು ಮೂರು ವರ್ಷದಲ್ಲಿ 3,604 ಗಜ ಓಡಿಕೊಟ್ಟರು. 2022ರಲ್ಲಿ ತಂಡ ತಾನಾಡುವ ಬಿಗ್ 12 ಎಂಬ ಕಾಲೇಜು ಗುಂಪಿನಲ್ಲಿ ಚಾಂಪಿಯನ್ ಆಯಿತು. ಡಲ್ಲಾಸ್‌ನಲ್ಲಿ ಮೊದಲ ವರ್ಷ 23 ಸಲ ಚೆಂಡು ಹಿಡಿದು 40 ಗಜ. ಡ್ರಾಫ್ಟ್‌ನಲ್ಲಿ ತಡ ಮಾಡಿದವರು ಮೂರ್ಖರೇನಲ್ಲ. ಮೂರು ಸ್ಟಾರ್ ಕೊಟ್ಟವರು ಮಾತ್ರ ತಪ್ಪಿದರು, ಅವರು ಅಳೆಯಬೇಕಾಗಿದ್ದದ್ದು ಕಾಲೇಜಿನ ಆಟವನ್ನಾದರೆ. ತೊಂದರೆ ಏನೆಂದರೆ ಪಟ್ಟಿ ಮಾಡುವವರು ಐದು ಸ್ಟಾರ್ ಕೊಡುವಾಗ ಎನ್‌ಎಫ್‌ಎಲ್ ಡ್ರಾಫ್ಟ್ ಮೇಲೆ ಒಂದು ಕಣ್ಣು ಇಟ್ಟಿರುತ್ತಾರೆ. ಕಾಲೇಜು ಕೋಚ್‌ಗೆ ಅದರಿಂದ ಏನಾಗಬೇಕು? ಅವನಿಗೆ ಸಂಬಳ ಬರುವುದು ಶನಿವಾರದ ಪಂದ್ಯ ಗೆಲ್ಲುವುದಕ್ಕೆ. ಸ್ಯಾನ್ ಡಿಯಾಗೋ ಸ್ಟೇಟ್‌ನ ಡಾನೆಲ್ ಪಂಫ್ರಿ 80 ಕೆಜಿ ತೂಕಕ್ಕೆ 2016ರ ಹೊತ್ತಿಗೆ 6,405 ಗಜ ಓಡಿ ಕಾಲೇಜು ದಾಖಲೆಯನ್ನೇ ಬರೆದರು. (ಹಳೆಯ ದಾಖಲೆಯ ರಾನ್ ಡೇನ್ ಕಾಲದಲ್ಲಿ ಬೌಲ್ ಪಂದ್ಯಗಳ ಓಟ ಲೆಕ್ಕಕ್ಕೆ ಸೇರುತ್ತಿರಲಿಲ್ಲ ಅನ್ನುವ ಜಗಳ ಇನ್ನೂ ಇದೆ, ಅದು ನ್ಯಾಯವಾದ ಜಗಳವೇ.) ವೃತ್ತಿಪರ ಲೀಗ್‌ನಲ್ಲಿ ಅವರು ನೆಲೆ ನಿಲ್ಲಲಿಲ್ಲ. ಅದಕ್ಕಾಗಿ ಸ್ಯಾನ್ ಡಿಯಾಗೋ ಸ್ಟೇಟ್ ಅವರನ್ನು ಬೇಡ ಅನ್ನಬೇಕಿತ್ತಾ?

ಈಗ ದುಡ್ಡಿನ ಮಾತು ಸೇರಿ ಲೆಕ್ಕ ಇನ್ನೂ ಕಗ್ಗಂಟಾಗಿದೆ. 2018ರಲ್ಲಿ, ಕಾಲೇಜು ಬದಲಿಸಬಯಸುವ ಆಟಗಾರರು ಹೆಸರು ಹಾಕುವ ಟ್ರಾನ್ಸ್‌ಫರ್ ಪೋರ್ಟಲ್ ಬಂತು. 2021ರ ಜುಲೈನಿಂದ ಆಟಗಾರರು ತಮ್ಮ ಹೆಸರಿನಿಂದ ದುಡ್ಡು ಮಾಡಬಹುದು ಅಂತಾಯಿತು. 2024ರಿಂದ ಓದಿನಲ್ಲಿ ಸರಿ ಇದ್ದರೆ ಎಷ್ಟು ಸಲ ಬೇಕಾದರೂ ಕಾಲೇಜು ಬದಲಿಸಿ ತಕ್ಷಣ ಆಡಬಹುದು. 2025ರ ಜೂನ್‌ನಲ್ಲಿ ಕೋರ್ಟ್ ಒಪ್ಪಿದ ರಾಜಿಯ ಪ್ರಕಾರ ಮೊದಲ ವರ್ಷಕ್ಕೆ ಒಂದು ಕಾಲೇಜು ತನ್ನ ಕ್ರೀಡಾಪಟುಗಳಿಗೆ ಸುಮಾರು 2 ಕೋಟಿ 5 ಲಕ್ಷ ಡಾಲರ್‌ವರೆಗೆ ನೇರವಾಗಿ ಹಂಚಬಹುದು. ಫುಟ್‌ಬಾಲ್‌ನಲ್ಲಿ 85 ಸ್ಕಾಲರ್‌ಶಿಪ್‌ಗಳ ಹಳೇ ಮಿತಿ ಹೋಗಿ, ಟೀಮಿನಲ್ಲಿ 105 ಜನ ಅನ್ನುವ ಮಿತಿ ಬಂತು. ಇದರಿಂದ ಪುಟ್ಟ ಹುಡುಗನಿಗೆ ಒಳ್ಳೆಯದಾಯಿತಾ?

ಶುರುವಿನಲ್ಲಿ ಇಲ್ಲ ಅಂತಲೇ ನನ್ನ ಅಂದಾಜು. 17ರ ಹುಡುಗ 80 ಕೆಜಿ ಆಗುತ್ತಾನಾ ಅಂತ ಎರಡು ವರ್ಷ ಕಾಯುವ ಬದಲು, ಬೇರೆ ಕಾಲೇಜಿನಲ್ಲಿ ಆಗಲೇ ಏಟು ತಿಂದು ಎದ್ದು ನಿಂತ 21ರ ಹುಡುಗನಿಗೆ ದುಡ್ಡು ಕೊಡುವುದು ಕೋಚ್‌ಗೆ ಸುಲಭ. ಆದರೆ ಒಮ್ಮೆ ಎಲ್ಲಾದರೂ ಆಡಿ ತೋರಿಸಿದ ಮೇಲೆ ಬಾಗಿಲು ಮುಂಚೆಗಿಂತ ಅಗಲ. ಟಾರಿಕ್ ಕೋಹೆನ್, 5 ಅಡಿ 6 ಇಂಚು, ನಾರ್ತ್ ಕ್ಯಾರೊಲಿನಾ ಎ ಆ್ಯಂಡ್ ಟಿ ಎಂಬ ಕೆಳಗಿನ ಹಂತದ ಕಾಲೇಜಿನಲ್ಲಿ ನಾಲ್ಕು ವರ್ಷವೂ ಅಲ್ಲೇ ಉಳಿದು 5,619 ಗಜ ಓಡಿ, 2017ರಲ್ಲಿ ಶಿಕಾಗೋ ಬೇರ್ಸ್‌ಗೆ ಹೋದರು. ಅವರು ಇವತ್ತಿನ ಹುಡುಗನಾಗಿದ್ದರೆ ಎರಡನೇ ವರ್ಷವೇ ದೊಡ್ಡ ಕಾಲೇಜೊಂದು ಚೆಕ್ ಹಿಡಿದು ಬಂದಿರುತ್ತಿತ್ತು. ಕಾನ್ಸಾಸ್‌ನ ಡರ್ಬಿ ಊರಿನ ಡಿಲನ್ ಎಡ್ವರ್ಡ್ಸ್ ಅವರನ್ನು ನೋಡಿ. 77 ಕೆಜಿಯ ಆಸುಪಾಸು. 2023ರ ಸೆಪ್ಟೆಂಬರ್‌ನಲ್ಲಿ ಕೊಲರಾಡೊ ಪರವಾಗಿ ಮೊದಲ ಪಂದ್ಯದಲ್ಲೇ ನಾಲ್ಕು ಟಚ್‌ಡೌನ್. ಮರುವರ್ಷ ತಮ್ಮ ರಾಜ್ಯದ ಕಾನ್ಸಾಸ್ ಸ್ಟೇಟ್‌ಗೆ ವಾಪಸ್. ಅಲ್ಲಿ 2024ರ ಡಿಸೆಂಬರ್‌ನ ಬೌಲ್ ಪಂದ್ಯದಲ್ಲಿ ರಟ್ಗರ್ಸ್ ಎದುರು 196 ಗಜ. ಸ್ಪ್ರೋಲ್ಸ್, ವಾನ್ ಆಡಿದ ಅದೇ ಕಾಲೇಜು. ಇದು ಕಾಕತಾಳೀಯ ಅಂತ ನನಗನ್ನಿಸುವುದಿಲ್ಲ. ಇಂಥ ಹುಡುಗನ ಕೈಲಿ ಏನು ಮಾಡಿಸಬೇಕು ಅಂತ ಆ ಊರಿನವರಿಗೆ 2001ರಲ್ಲಿ ಸ್ಪ್ರೋಲ್ಸ್ ಬಂದಾಗಿನಿಂದ ಗೊತ್ತು.

ಟೆಕ್ಸಸ್‌ನಲ್ಲೋ ಕಾನ್ಸಾಸ್‌ನಲ್ಲೋ ಇಂಥ ಮಗ ಇರುವ ಮನೆಗೆ ಕಾಲೇಜು ಕೋಚ್ ಬಂದು ಕೂತರೆ, ಕಾಫಿ ಕೊಟ್ಟ ಮೇಲೆ ಕೇಳಬೇಕಾದ ಪ್ರಶ್ನೆ ಸ್ಕಾಲರ್‌ಶಿಪ್ ಬಗ್ಗೆ ಅಲ್ಲ, ದುಡ್ಡಿನ ಬಗ್ಗೆಯೂ ಅಲ್ಲ. ಮೂರನೇ ಡೌನ್ (ಹತ್ತು ಗಜ ಮುಂದೆ ಹೋಗಲು ಸಿಗುವ ನಾಲ್ಕು ಪ್ರಯತ್ನಗಳಲ್ಲಿ ಮೂರನೆಯದು), ಇನ್ನೂ ಏಳು ಗಜ ಬೇಕು, ಆಗ ನನ್ನ ಮಗ ಎಲ್ಲಿ ನಿಂತಿರುತ್ತಾನೆ? ಕೋಚ್ ಪೆನ್ ತೆಗೆದು ಟಿಶ್ಯೂ ಪೇಪರ್ ಮೇಲೆ ಜಾಗ ಬರೆದು ತೋರಿಸಿದರೆ ಮಾತು ಮುಂದುವರಿಸಬಹುದು. ಬರಲಿ, ಎಲ್ಲಾದರೂ ಒಂದು ಜಾಗ ಹುಡುಕೋಣ ಅಂದರೆ, ಮುಂದಿನ ವಾರ ಬರುವ ಇನ್ನೊಬ್ಬ ಕೋಚ್‌ಗೂ ಕಾಫಿ ಪುಡಿ ಎತ್ತಿಡಿ.